ಬಾಗಿದ ಫ್ಯಾನ್ ನೇರ ಮಾಡಿದ್ದು, ಸರಿಯಾದ ಪಿಚ್ ಹುಡುಕಿದ್ದು

ಕುಂದಾಪುರದ ಬಳಿಯ ಗಂಗೊಳ್ಳಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ನೀರೊಳಗಿನ ಕಲ್ಲಿಗೆ ತಾಗಿ ನಮ್ಮ ನಾಡದೋಣಿಯ ಫ್ಯಾನ್, ಅಂದರೆ ಪ್ರೊಪೆಲ್ಲರ್, ಬಾಗಿತು. ದೋಣಿ 20 ಅಡಿಯ ಫೈಬರ್‌ನದು. ಎಂಜಿನ್ 9.9 ಎಚ್‌ಪಿಯ ಪೆಟ್ರೋಲ್ ಔಟ್‌ಬೋರ್ಡ್ (ದೋಣಿಯ ಹಿಂದೆ ಹೊರಗೆ ಕೂರುವಂಥದ್ದು), ಫೋರ್ ಸ್ಟ್ರೋಕ್. ಪ್ರೊಪೆಲ್ಲರ್ ಅಲ್ಯೂಮಿನಿಯಂನದು, ಮೂರು ಬ್ಲೇಡ್. ಬ್ಲೇಡುಗಳೆಲ್ಲ ಸೇರುವ ನಡುಭಾಗದ, ಅಂದರೆ ಹಬ್ ಮೇಲೆ 9¼ × 9¾ ಅಂತ ಒತ್ತಿದ್ದಾರೆ. ಮೊದಲನೆಯದು ವ್ಯಾಸ, ಎರಡನೆಯದು ಪಿಚ್ (ಒಂದು ಸಲ ತಿರುಗಿದರೆ ಮುಂದೆ ಹೋಗಬೇಕಾದ ದೂರ), ಎರಡೂ ಇಂಚಿನಲ್ಲಿ.

ತಾಗಿದ ಮೇಲೂ ಎಂಜಿನ್ ನಿಲ್ಲಲಿಲ್ಲ, ದಡ ಸೇರಿದೆವು. ಆದರೆ ಅರ್ಧ ಥ್ರಾಟಲ್ ದಾಟಿದರೆ ಎಂಜಿನ್ ಕೂತ ಹಲಗೆಯೇ ನಡುಗುತ್ತಿತ್ತು. ಎಂಜಿನ್ ತಿರುಗಿಸುವ ಹಿಡಿ, ಟಿಲ್ಲರ್, ಹಿಡಿದ ಕೈ ಜುಮ್ಮೆನ್ನುತ್ತಿತ್ತು. ಇಂಥ ಹೊತ್ತಲ್ಲಿ ನಮ್ಮ ಕಡೆ ಎರಡು ಸಲಹೆ ಸಿಗುತ್ತವೆ. ಒಂದು, ಸುತ್ತಿಗೆಯಲ್ಲಿ ನಾಲ್ಕು ಬಡಿದು ಹಾಕು. ಇನ್ನೊಂದು, ಪಕ್ಕದ ದೋಣಿಗೆ ಯಾವುದಿದೆಯೋ ಅದನ್ನೇ ಹೊಸದು ತಾ. ಎರಡರಲ್ಲೂ ಅಳತೆ ಇಲ್ಲ. ಪ್ರೊಪೆಲ್ಲರ್ ವಿಷಯದಲ್ಲಿ ಕಣ್ಣಂದಾಜು ಸಾಲದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಒಂದು ಸ್ಕೇಲು, ಒಂದು ಕೋನಮಾಪಕ, ಒಂದು ಆರ್‌ಪಿಎಂ ಮೀಟರ್ ಇದ್ದರೆ ರಿಪೇರಿಯೂ ಹಿಡಿತಕ್ಕೆ ಬರುತ್ತದೆ, ಹೊಸದನ್ನು ಆರಿಸುವುದೂ ಬರುತ್ತದೆ.

9.9 ಎಚ್‌ಪಿಯೇ ಯಾಕೆ ಅನ್ನೋದು ಕರಾವಳಿಯವರಿಗೆ ಗೊತ್ತು. ಜೂನ್ 1ರಿಂದ ಜುಲೈ 31ರವರೆಗೆ ಮಳೆಗಾಲದ ಮೀನುಗಾರಿಕೆ ನಿಷೇಧ ಇರುತ್ತದೆ. ಆಗ ಎಂಜಿನ್ ಹಾಕಿದ ದೋಣಿಗಳಲ್ಲಿ 10 ಎಚ್‌ಪಿವರೆಗಿನ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಹಾಗಾಗಿ ದೊಡ್ಡ ಎಂಜಿನ್ ಹಾಕುವ ದಾರಿ ನಮಗಿಲ್ಲ. ಇರುವ ಶಕ್ತಿಯನ್ನೇ ಪೂರ್ತಿಯಾಗಿ ನೀರಿಗೆ ಇಳಿಸಬೇಕು. ಅದನ್ನು ಮಾಡೋದು ಫ್ಯಾನೇ ಅಲ್ವಾ.

ಬಿಚ್ಚುವಾಗ ಕಂಡದ್ದು

ಮೊದಲು ಎಂಜಿನ್ ಆಫ್ ಮಾಡುವ ಕಿಲ್ ಸ್ವಿಚ್ಚಿನ ಹಗ್ಗ ತೆಗೆದೆ. ಸ್ಪಾರ್ಕ್ ಪ್ಲಗ್ ಕ್ಯಾಪ್‌ಗಳನ್ನೂ ಕಿತ್ತಿಟ್ಟೆ. ಕೈಯಲ್ಲಿ ಫ್ಯಾನ್ ತಿರುಗಿಸುವಾಗ ಎಂಜಿನ್ ಸ್ಟಾರ್ಟ್ ಆದರೆ ಬೆರಳು ಉಳಿಯೋದಿಲ್ಲ. ಬ್ಲೇಡಿಗೂ ಮೇಲಿನ ಅಡ್ಡ ಪ್ಲೇಟಿಗೂ ನಡುವೆ ಮರದ ತುಂಡು ಸಿಕ್ಕಿಸಿ, ನಟ್ ಕಳಚದಂತೆ ತಡೆಯುವ ಕಾಟರ್ ಪಿನ್ ನೇರ ಮಾಡಿ ಎಳೆದು, ನಟ್ ಬಿಚ್ಚಿದೆ. ನಟ್, ವಾಷರ್, ಸ್ಪೇಸರ್, ಆಮೇಲೆ ಪ್ರೊಪೆಲ್ಲರ್, ಕೊನೆಗೆ ಗೇರ್‌ಕೇಸ್ ಕಡೆಯ ದಪ್ಪ ಥ್ರಸ್ಟ್ ವಾಷರ್. ಬಂದ ಕ್ರಮದಲ್ಲೇ ಬಟ್ಟೆ ಮೇಲೆ ಸಾಲಾಗಿ ಇಟ್ಟು ಫೋಟೋ ತೆಗೆದುಕೊಂಡೆ. ಥ್ರಸ್ಟ್ ವಾಷರ್‌ನ ಇಳಿಜಾರು ಬದಿ ಯಾವ ಕಡೆ ಇತ್ತು ಅನ್ನೋದನ್ನು ಗುರುತು ಮಾಡಲೇಬೇಕು. ತಿರುವಿ ಹಾಕಿದರೆ ಪ್ರೊಪೆಲ್ಲರ್ ತನ್ನ ಜಾಗದಲ್ಲಿ ಕೂರೋದಿಲ್ಲ.

ಆ ವಾಷರ್ ಹಿಂದೆ ಶಾಫ್ಟಿಗೆ ಸುತ್ತಿಕೊಂಡ ನೈಲಾನ್ ದಾರ ಇತ್ತು. ಬಲೆಯದ್ದೇ. ಬಿಸಿಗೆ ಕರಗಿ, ಸುತ್ತುಗಳೆಲ್ಲ ಒಂದಕ್ಕೊಂದು ಅಂಟಿ ಗಟ್ಟಿಯಾಗಿತ್ತು. ಚಾಕುವಿನ ಮೊನೆಯಲ್ಲಿ ಉದ್ದಕ್ಕೆ ಸೀಳಿ ತೆಗೆದೆ. ನನ್ನ ಪ್ರಕಾರ ಕಲ್ಲಿಗಿಂತ ಈ ದಾರವೇ ಹೆಚ್ಚು ಅಪಾಯ. ಕಲ್ಲು ತಾಗಿದರೆ ಆಗಲೇ ಗೊತ್ತಾಗುತ್ತದೆ. ದಾರ ಸದ್ದಿಲ್ಲದೆ ಆಯಿಲ್ ಸೀಲ್ ಕೊರೆಯುತ್ತದೆ. ಗೇರ್ ಆಯಿಲ್‌ಗೆ ಉಪ್ಪುನೀರು ಸೇರುತ್ತದೆ. ಗೊತ್ತಾಗುವ ಹೊತ್ತಿಗೆ ಬೇರಿಂಗ್, ಗೇರ್ ಎರಡೂ ಹೋಗಿರುತ್ತವೆ. ಗೇರ್‌ಕೇಸಿನ ಕೆಳಗಿನ ಸ್ಕ್ರೂ ಸ್ವಲ್ಪ ಸಡಿಲಿಸಿ ಒಂದೆರಡು ಹನಿ ಆಯಿಲ್ ಬೆರಳಿಗೆ ತೆಗೆದುಕೊಂಡು ನೋಡಿದೆ. ನೀರು ಸೇರಿದ್ದರೆ ಬಿಳಿಚಿಕೊಂಡು ಹಾಲು ಬೆರೆತ ಬಣ್ಣ ಬರುತ್ತದೆ. ನಮ್ಮದು ತಿಳಿಯಾಗಿತ್ತು.

ಇನ್ನೊಂದು ಪರೀಕ್ಷೆ ಶಾಫ್ಟಿನದು. ಎಂಜಿನ್ ನ್ಯೂಟ್ರಲ್‌ನಲ್ಲಿ ಇಟ್ಟು, ಶಾಫ್ಟ್ ತುದಿಯ ಪಕ್ಕ ಪೆನ್ಸಿಲ್ ಮೊನೆ ಅಲುಗದಂತೆ ಹಿಡಿದು, ಇನ್ನೊಂದು ಕೈಯಲ್ಲಿ ಶಾಫ್ಟ್ ತಿರುಗಿಸಬೇಕು. ನಡುವಿನ ಸಂದು ಸುತ್ತಲೂ ಒಂದೇ ಸಮ ಇದ್ದರೆ ಶಾಫ್ಟ್ ನೇರ. ಸಂದು ಹಿಗ್ಗಿ ಕುಗ್ಗಿದರೆ ಮೊದಲು ಶಾಫ್ಟಿನ ಕೆಲಸ, ಆಮೇಲೆ ಪ್ರೊಪೆಲ್ಲರ್‌ದು.

30 ಡಿಗ್ರಿಯ ಲೆಕ್ಕ

ಮರಕ್ಕೆ ಸ್ಕ್ರೂ ಇಳಿಯುವಂತೆ ಪ್ರೊಪೆಲ್ಲರ್ ನೀರಲ್ಲಿ ಜಾರದೆ ಹೋದರೆ, ಒಂದು ಸುತ್ತಿಗೆ ಎಷ್ಟು ಮುಂದೆ ಹೋಗಬೇಕೋ ಅದು ಪಿಚ್. ಮೂರೂ ಬ್ಲೇಡಿನ ಪಿಚ್ ಒಂದೇ ಇರಬೇಕು. ಒಂದರದ್ದು ಬೇರೆಯಾದರೆ ಆ ಬ್ಲೇಡ್ ನೀರನ್ನು ಬೇರೆ ಬಲದಿಂದ ತಳ್ಳುತ್ತದೆ. ನಡುಕ ಅಲ್ಲಿಂದಲೇ ಬರೋದು.

ಇದನ್ನು ಮನೆಯಲ್ಲೇ ಅಳೆಯಬಹುದು. ದಪ್ಪ ಕಾಗದದ ಮೇಲೆ 82 ಮಿ.ಮೀ. ತ್ರಿಜ್ಯದ ವೃತ್ತ ಎಳೆದೆ. 9¼ ಇಂಚು ಪ್ರೊಪೆಲ್ಲರ್‌ನ ತ್ರಿಜ್ಯದ ಶೇ 70 ಅಂದರೆ ಇಷ್ಟೇ. ಪಿಚ್ ಅಳೆಯುವ ವಾಡಿಕೆಯ ಜಾಗ ಇದು. ಆಮೇಲೆ ಮಧ್ಯದಿಂದ 30 ಡಿಗ್ರಿಗೊಂದರಂತೆ ಗೆರೆ ಎಳೆದೆ. ಕಾಗದವನ್ನು ಸಮತಟ್ಟಾದ ಗ್ರಾನೈಟ್ ತುಂಡಿನ ಮೇಲೆ ಅಂಟಿಸಿ, ನಟ್ ಇರುವ ಕಡೆ ಕೆಳಗೆ ಬರುವಂತೆ ಪ್ರೊಪೆಲ್ಲರನ್ನು ಸರಿಯಾಗಿ ನಡುಮಧ್ಯಕ್ಕೆ ಕೂರಿಸಿದೆ. ಆಗ ನೀರು ತಳ್ಳುವ ಮುಖ ಕೆಳಗೆ ನೋಡುತ್ತಿರುತ್ತದೆ. ಒಂದು ಬ್ಲೇಡಿನ ಕೆಳಗೆ ಬರುವ ಅಕ್ಕಪಕ್ಕದ ಎರಡು ಗೆರೆ ಆರಿಸಿ, ಅವು ವೃತ್ತಕ್ಕೆ ಸೇರುವಲ್ಲಿ ಸ್ಕೇಲ್ ನೆಟ್ಟಗೆ ನಿಲ್ಲಿಸಿ, ಬ್ಲೇಡ್ ಎಷ್ಟು ಎತ್ತರದಲ್ಲಿದೆ ಅಂತ ನೋಡಬೇಕು. 30 ಡಿಗ್ರಿ ಅಂದರೆ ಪೂರ್ತಿ ಸುತ್ತಿನ 12ನೇ ಒಂದು ಪಾಲು. ಎರಡು ಎತ್ತರಗಳ ವ್ಯತ್ಯಾಸವನ್ನು 12ರಿಂದ ಗುಣಿಸಿದರೆ ಪಿಚ್ ಬಂತು.

9¾ ಇಂಚಿಗೆ ಈ ವ್ಯತ್ಯಾಸ 20.6 ಮಿ.ಮೀ. ಬರಬೇಕು. ಎರಡು ಬ್ಲೇಡಿನಲ್ಲಿ 20.5 ಮತ್ತು 20.7 ಬಂತು. ಮೂರನೆಯದರಲ್ಲಿ 17. ಅಂದರೆ ಅದರ ಪಿಚ್ 8 ಇಂಚಿಗೆ ಇಳಿದಿತ್ತು. ಕಣ್ಣಿಗೆ ಕಂಡದ್ದು ಬರೀ ತುದಿ ಮಡಚಿದ್ದು. ಅಳೆದಾಗ ತಿಳಿದದ್ದು ಅರ್ಧ ಬ್ಲೇಡೇ ಚಪ್ಪಟೆಯಾಗಿದೆ ಅಂತ. ತುದಿಯನ್ನಷ್ಟೇ ಬಡಿದು ನೇರ ಮಾಡಿದ್ದರೆ ನೋಡಲು ಚೆನ್ನಾಗಿರುತ್ತಿತ್ತು, ನಡುಕ ಹಾಗೇ ಇರುತ್ತಿತ್ತು.

ಹಳೆಯ ಪ್ರೊಪೆಲ್ಲರ್ ಕೊಂಡು, ಮೇಲಿನ ನಂಬರು ಸವೆದು ಹೋಗಿದ್ದರೂ ಇದೇ ವಿಧಾನ ನಡೆಯುತ್ತದೆ. ವೃತ್ತದ ತ್ರಿಜ್ಯವನ್ನು ಮಾತ್ರ ಆ ಪ್ರೊಪೆಲ್ಲರಿಗೆ ತಕ್ಕಂತೆ ಬದಲಿಸಿಕೊಳ್ಳಿ.

ಬಿರುಕು ಇದೆಯಾ

ಬ್ಲೇಡ್ ಬಿಸಿ ಮಾಡುವ ಮೊದಲು ಬಿರುಕು ಹುಡುಕಬೇಕು. ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಡೈ ಪೆನೆಟ್ರಂಟ್ ಅಂತ ಸ್ಪ್ರೇ ಡಬ್ಬಿಗಳು ಸಿಗುತ್ತವೆ. ಚೆನ್ನಾಗಿ ತೊಳೆದು ಒಣಗಿಸಿ, ಕೆಂಪು ಬಣ್ಣ ಹೊಡೆದು, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಬಿಳಿ ಡೆವಲಪರ್ ಹೊಡೆದರೆ ಬಿರುಕು ಇದ್ದಲ್ಲಿ ಕೆಂಪು ಗೆರೆ ಮೂಡುತ್ತದೆ. ಬ್ಲೇಡ್ ಹಬ್ಬಿಗೆ ಸೇರುವ ಬುಡದಲ್ಲಿ ಗೆರೆ ಮೂಡಿದರೆ ಆ ಪ್ರೊಪೆಲ್ಲರ್ ಗುಜರಿಗೆ. ಅಳಿವೆ ಬಾಗಿಲಲ್ಲಿ ಅಲೆ ಏಳುವಾಗ ಬ್ಲೇಡ್ ಮುರಿದರೆ ಹೋಗೋದು ಬರೀ ಪ್ರೊಪೆಲ್ಲರ್ ಅಲ್ಲ. ನಮ್ಮದರ ಬುಡ ಸ್ವಚ್ಛವಾಗಿತ್ತು. ಇನ್ನೊಂದು ಬ್ಲೇಡಿನ ಮುಂದಿನ ಅಂಚಿನಲ್ಲಿ 6 ಮಿ.ಮೀ. ಆಳದ ಕಚ್ಚು ಇತ್ತು. ಅದರ ಮೂಲೆಯಲ್ಲಿ ಸಣ್ಣ ಕೆಂಪು ಗೆರೆ ಕಂಡಿತು. ಅಂಚಿನದ್ದಾದ್ದರಿಂದ ಅಷ್ಟನ್ನು ಕೊರೆದು ತೆಗೆದು ವೆಲ್ಡ್ ಮಾಡಬಹುದು.

ನೇರ ಮಾಡಿದ್ದು

ಮೊದಲ ಕೆಲಸ ಅಚ್ಚು. ಚೆನ್ನಾಗಿದ್ದ ಬ್ಲೇಡಿನ ತಳ್ಳುವ ಮುಖಕ್ಕೆ ಎಣ್ಣೆ ಸವರಿ, ಅದರ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದು ಅಚ್ಚು ತೆಗೆದೆ. ಇದು ಬಡಿಯಲು ಅಲ್ಲ, ಹೋಲಿಸಿ ನೋಡಲು. ಬಡಿಯಲು ಗಟ್ಟಿ ಮರದ ದಿಮ್ಮಿಯನ್ನು ಅದೇ ತಿರುವಿಗೆ ಕೆತ್ತಿಕೊಂಡೆ.

ಎರಕದ ಅಲ್ಯೂಮಿನಿಯಂ ತಣ್ಣಗಿರುವಾಗ ಬಡಿದರೆ ಸೀಳುತ್ತದೆ. ಬಿಸಿ ಮಾಡಲೇಬೇಕು. ಆದರೆ ಕಬ್ಬಿಣ ಕೆಂಪಾಗಿ ಎಚ್ಚರಿಕೆ ಕೊಡುತ್ತದೆ, ಅಲ್ಯೂಮಿನಿಯಂ ಕೊಡೋದಿಲ್ಲ. ಬಣ್ಣ ಬದಲಾಗದೆ ನೋಡನೋಡುತ್ತ ಕುಸಿದು ಬೀಳುತ್ತದೆ. ಇದಕ್ಕೆ ಹಳೆಯ ಉಪಾಯ ಬಟ್ಟೆ ಸೋಪು. ಬಿಸಿ ಮಾಡುವ ಜಾಗಕ್ಕೆ ಬಾರ್ ಸೋಪಿನಿಂದ ಗೆರೆ ಎಳೆದು, ಗ್ಯಾಸ್ ಟಾರ್ಚಿನ ಮೆದು ಉರಿಯನ್ನು ಆಡಿಸುತ್ತಾ ಹೋಗಬೇಕು. ಸೋಪಿನ ಗೆರೆ ಕಂದಾಗುತ್ತದೆ, ಆಮೇಲೆ ಕಪ್ಪಾಗಲು ಶುರುವಾಗುತ್ತದೆ. ಅಷ್ಟಾದರೆ ಉರಿ ತೆಗೆಯಬೇಕು.

ಹಬ್ ಒಳಗೆ ರಬ್ಬರ್ ಬುಶ್ ಇರುತ್ತದೆ. ಬಿಸಿ ಅಲ್ಲಿಗೆ ಹೋದರೆ ಬುಶ್ ಹಿಡಿತ ಬಿಡುತ್ತದೆ. ಅದಕ್ಕೆ ಹಬ್ ಸುತ್ತ ಒದ್ದೆ ಗೋಣಿ ಸುತ್ತಿ, ಆಗಾಗ ನೀರು ಹನಿಸುತ್ತಿದ್ದೆ. ಬುಡದ ಕಡೆಯ ಮೂರನೇ ಒಂದು ಭಾಗಕ್ಕೆ ಉರಿ ತಾಗಿಸಲೇ ಇಲ್ಲ.

ಮರದ ಕೊಡತಿಯಲ್ಲಿ ಸಣ್ಣ ಸಣ್ಣ ಪೆಟ್ಟು. ಬಾಗು ಶುರುವಾದ ಕಡೆಯಿಂದ ತುದಿಯ ಕಡೆಗೆ. ಒಂದಿಷ್ಟು ಬಡಿಯೋದು, ಆರಿದ ಮೇಲೆ ಅಚ್ಚಿಗೆ ಹಿಡಿದು ಬೆಳಕು ಎಲ್ಲಿ ನುಸುಳುತ್ತದೆ ನೋಡೋದು, ಕಾಗದದ ಮೇಲೆ ಕೂರಿಸಿ ಎತ್ತರ ಅಳೆಯೋದು, ಮತ್ತೆ ಬಿಸಿ. 17 ಇದ್ದದ್ದು 18.4 ಆಯಿತು, ಆಮೇಲೆ 19.5, ಕೊನೆಗೆ 20.2ಕ್ಕೆ ನಿಲ್ಲಿಸಿದೆ. ಅಂದರೆ ಒಂಬತ್ತೂವರೆ ಇಂಚಿನ ಪಿಚ್. ಇನ್ನೂ ಎಳೆಯಬಹುದಿತ್ತು. ಆದರೆ ಬಿಸಿ ಮಾಡಿದಷ್ಟೂ ಲೋಹ ಮೆತ್ತಗಾಗುತ್ತದೆ. ಉಳಿದ ಕಾಲು ಇಂಚಿನ ಆಸೆಗೆ ಬ್ಲೇಡಿನ ಗಟ್ಟಿತನ ಕಳೆಯಲು ಮನಸ್ಸಾಗಲಿಲ್ಲ.

ಕಚ್ಚಿಗೆ ಆರ್ಗಾನ್ ವೆಲ್ಡಿಂಗ್. ಕುಂದಾಪುರದ ವರ್ಕ್‌ಶಾಪಿನಲ್ಲಿ ಮಾಡಿಸಿದೆ. ಅಲ್ಯೂಮಿನಿಯಂಗೆ ಎಸಿ ಕರೆಂಟಿನ ಟಿಗ್ ಮೆಷಿನ್ ಬೇಕು, 4043 ಅನ್ನುವ ಅಲ್ಯೂಮಿನಿಯಂ ವೆಲ್ಡಿಂಗ್ ಕಡ್ಡಿ ಬೇಕು. ಕಡಲಲ್ಲಿ ಓಡಿದ ಪ್ರೊಪೆಲ್ಲರಿನ ಸಣ್ಣ ರಂಧ್ರಗಳಲ್ಲಿ ಉಪ್ಪು ಕೂತಿರುತ್ತದೆ. ಸಿಹಿನೀರಲ್ಲಿ ನೆನೆಸಿ, ಸ್ಟೀಲ್ ಬ್ರಷ್ಷಿನಲ್ಲಿ ಹೊಳೆಯುವ ತನಕ ಉಜ್ಜಿ ಕೊಟ್ಟರೆ ವೆಲ್ಡಿನಲ್ಲಿ ಗುಳ್ಳೆ ಬರೋದು ಕಡಿಮೆ. ಎರಡು ಮೂರು ಮಿ.ಮೀ. ಒಳಗಿನ ಕಚ್ಚಾದರೆ ವೆಲ್ಡಿಂಗ್ ಬೇಡ, ಅರದಲ್ಲಿ ನುಣುಪು ಮಾಡಿದರೆ ಸಾಕು. ಎಪಾಕ್ಸಿ ಪುಟ್ಟಿ ತುಂಬುವವರೂ ಇದ್ದಾರೆ. ಅಂಚಿನಲ್ಲಿ ಅದು ನಿಲ್ಲೋದಿಲ್ಲ.

ಉಬ್ಬಿದ ವೆಲ್ಡನ್ನು ಅರದಲ್ಲಿ ಇಳಿಸಿ, ಒಳ್ಳೆಯ ಬ್ಲೇಡಿನಿಂದ ಕತ್ತರಿಸಿದ ರಟ್ಟಿನ ಆಕಾರಕ್ಕೆ ಹೊಂದಿಸಿದೆ. ನೀರು ಸೀಳುವ ಮುಂದಿನ ಅಂಚು ಸ್ವಲ್ಪ ದುಂಡಗೆ, ಹಿಂದಿನ ಅಂಚು ತೆಳ್ಳಗೆ.

ತೂಕ ಸಮ ಮಾಡೋದು

ನಮ್ಮಲ್ಲಿ ಹೆಚ್ಚಿನವರು ಬಿಡುವ ಹಂತ ಇದು. ಮರದಲ್ಲಿ ಎರಡು ಶಂಕುಗಳನ್ನು ಲೇತ್ ಮೇಲೆ ತಿರುಗಿಸಿಕೊಂಡು, ನಡುವೆ ನೇರವಾದ ಕಂಬಿ ತೂರಿಸಿ, ಹಬ್ಬಿನ ಎರಡೂ ಬಾಯಿಗೆ ಬಿಗಿಯಾಗಿ ಕೂರಿಸಿದೆ. ಎರಡು ಕಬ್ಬಿಣದ ಆಂಗಲ್‌ಗಳನ್ನು ರಸಮಟ್ಟದಲ್ಲಿ ಸಮ ಮಾಡಿ, ಅವುಗಳ ಅಂಚಿನ ಮೇಲೆ ಕಂಬಿ ಇಟ್ಟರೆ ಪ್ರೊಪೆಲ್ಲರ್ ತಾನಾಗಿ ಉರುಳಿ, ಭಾರದ ಬ್ಲೇಡ್ ಕೆಳಗೆ ಬಂದು ನಿಲ್ಲುತ್ತದೆ. ಹಗುರ ಇರುವ ಕಡೆಗೆ ಇನ್ಸುಲೇಶನ್ ಟೇಪ್ ತುಂಡು ಅಂಟಿಸುತ್ತಾ ಹೋಗಿ, ಎಲ್ಲಿ ಬಿಟ್ಟರೂ ಅಲ್ಲೇ ನಿಲ್ಲುವಂತಾದಾಗ ಎಷ್ಟು ತೂಕ ತೆಗೆಯಬೇಕು ಅಂತ ಅಂದಾಜಾಯಿತು. ಭಾರ ಇದ್ದದ್ದು ವೆಲ್ಡ್ ಮಾಡಿದ ಬ್ಲೇಡಿನಲ್ಲೇ.

ಲೋಹ ತೆಗೆಯೋದು ಎಂಜಿನ್ ಕಡೆ ನೋಡುವ ಮುಖದಿಂದ. ದೋಣಿಯ ಹಿಂದೆ ನಿಂತರೆ ಕಾಣುವ ಮುಖ ನೀರು ತಳ್ಳುವಂಥದ್ದು, ಪಿಚ್ ಇರೋದು ಅದರಲ್ಲಿ. ಅಲ್ಲಿ ಅರ ಹಾಕಿದರೆ ಅಷ್ಟು ಹೊತ್ತು ಬಡಿದು ತಂದ ಅಳತೆಯೇ ಕೆಡುತ್ತದೆ.

ಬಣ್ಣಕ್ಕೆ ಮೊದಲು ಲೋಹಕ್ಕೆ ಕಚ್ಚಿ ಹಿಡಿಯುವ ಎಚಿಂಗ್ ಪ್ರೈಮರ್, ಮೇಲೆ ಕಪ್ಪು ಎಪಾಕ್ಸಿ ಬಣ್ಣ. ದೋಣಿಯ ತಳಕ್ಕೆ ಬಳಿಯುವ ತಾಮ್ರ ಸೇರಿದ ಬಣ್ಣವನ್ನು ಅಲ್ಯೂಮಿನಿಯಂಗೆ ಬಳಿಯಲೇಬಾರದು. ಉಪ್ಪುನೀರಲ್ಲಿ ತಾಮ್ರವೂ ಅಲ್ಯೂಮಿನಿಯಮ್ಮೂ ಜೊತೆಯಾದರೆ ಅಲ್ಯೂಮಿನಿಯಂ ತಿಂದು ಹೋಗುತ್ತದೆ.

ಒಣಗಿದ ಮೇಲೆ ಹಬ್ಬಿನ ಹಿಂಬದಿಯಲ್ಲಿ, ಒಳಗಿನ ಹಿತ್ತಾಳೆ ತೋಳಿನಿಂದ ರಬ್ಬರ್ ದಾಟಿ ಹೊರಗಿನ ಅಲ್ಯೂಮಿನಿಯಂವರೆಗೆ ಒಂದೇ ಬಿಳಿ ಗೆರೆ ಎಳೆದೆ. ಎಂಜಿನ್ ಕೂಗುತ್ತದೆ, ದೋಣಿ ಮುಂದೆ ಹೋಗೋದಿಲ್ಲ ಅನ್ನುವ ದೂರು ಬಂದಾಗ ಈ ಗೆರೆ ನೋಡಿ. ಒಳಗಿನದ್ದೂ ಹೊರಗಿನದ್ದೂ ಸೇರದೆ ಪಕ್ಕಕ್ಕೆ ಸರಿದಿದ್ದರೆ ರಬ್ಬರ್ ಜಾರಿದೆ ಅಂತ ಅರ್ಥ. ಗೆರೆ ಕೂಡಿಯೇ ಇದ್ದರೆ ಕಾರಣ ಬೇರೆ. ಹೆಚ್ಚಾಗಿ ಎಂಜಿನ್ ತೀರಾ ಎತ್ತರದಲ್ಲಿ ಕೂತಿದ್ದು, ಪ್ರೊಪೆಲ್ಲರ್ ಗಾಳಿ ಎಳೆಯುತ್ತಿರುತ್ತದೆ. ಪ್ರೊಪೆಲ್ಲರ್ ಮೇಲಿನ ಅಡ್ಡ ಪ್ಲೇಟು ದೋಣಿಯ ತಳದ ಮಟ್ಟಕ್ಕೆ, ಇಲ್ಲವೇ ಒಂದು ಇಂಚು ಕೆಳಗೆ ಇರಬೇಕು.

ನೀರಿಗಿಳಿಸಿದಾಗ

ನಡುಕ ಹೋಯಿತು. ಪೂರ್ತಿ ಥ್ರಾಟಲ್‌ನಲ್ಲಿ ಸಣ್ಣ ಗುಂಯ್‌ಗುಡುವಿಕೆ ಮಾತ್ರ ಉಳಿದಿದೆ. ಮೂರು ಬ್ಲೇಡಿನ ಪಿಚ್ ನಡುವೆ ಇನ್ನೂ ಕಾಲು ಇಂಚಿನಷ್ಟು ವ್ಯತ್ಯಾಸ ಇರುವಾಗ ಅದು ಸಹಜ.

ರಿಪೇರಿ ಆಯಿತು, ಆದರೆ ಈ ಪ್ರೊಪೆಲ್ಲರ್ ನಮ್ಮ ದೋಣಿಗೆ ಸರಿಯಾದದ್ದಾ ಅನ್ನೋ ಪ್ರಶ್ನೆ ಬಾಕಿ ಇತ್ತು. ಅದಕ್ಕೆ ಉತ್ತರ ಕೊಡೋದು ಆರ್‌ಪಿಎಂ. ಸ್ಪಾರ್ಕ್ ಪ್ಲಗ್ ವೈರಿಗೆ ಸುತ್ತುವ ಸಣ್ಣ ಡಿಜಿಟಲ್ ಮೀಟರ್ ಕಡಿಮೆ ಬೆಲೆಗೆ ಸಿಗುತ್ತದೆ. ಅದರಲ್ಲಿ ಒಂದು ಸೆಟ್ಟಿಂಗ್ ಮುಖ್ಯ: ಎಷ್ಟು ಸುತ್ತಿಗೆ ಒಂದು ಕಿಡಿ ಅನ್ನೋದು. ಫೋರ್ ಸ್ಟ್ರೋಕ್ ಆದರೂ ಹಲವು ಔಟ್‌ಬೋರ್ಡ್‌ಗಳಲ್ಲಿ ಪ್ರತಿ ಸುತ್ತಿಗೂ ಕಿಡಿ ಹಾರುತ್ತದೆ. ಸೆಟ್ಟಿಂಗ್ ತಪ್ಪಿದರೆ ಮೀಟರ್ ದುಪ್ಪಟ್ಟು ಇಲ್ಲವೇ ಅರ್ಧ ತೋರಿಸುತ್ತದೆ.

ಪರೀಕ್ಷೆಯನ್ನು ನಿಜವಾದ ಹೊರೆಯಲ್ಲೇ ಮಾಡಬೇಕು. ಬಲೆ, ಐಸ್ ಪೆಟ್ಟಿಗೆ, ನಾಲ್ಕು ಜನ, ತುಂಬಿದ ಟ್ಯಾಂಕ್. ಪಂಚಗಂಗಾವಳಿಯಲ್ಲಿ ಭರತ ನಿಂತ ಹೊತ್ತು ನೋಡಿ, ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಪೂರ್ತಿ ಥ್ರಾಟಲ್ ಕೊಟ್ಟು ಸರಾಸರಿ ತೆಗೆದೆ. ಸೆಳೆತ, ಗಾಳಿ ಎರಡೂ ಹೀಗೆ ಕಳೆದು ಹೋಗುತ್ತವೆ. ವೇಗಕ್ಕೆ ಮೊಬೈಲಿನ ಜಿಪಿಎಸ್ ಸಾಕು.

4700 ಆರ್‌ಪಿಎಂ, ಗಂಟೆಗೆ 14 ಕಿ.ಮೀ. ನಮ್ಮ ಎಂಜಿನ್ ಪುಸ್ತಕದಲ್ಲಿ ಪೂರ್ತಿ ಥ್ರಾಟಲ್‌ಗೆ 5000ದಿಂದ 6000 ಇರಬೇಕು ಅಂತಿದೆ. ಅಂದರೆ ಹೊರೆ ಇದ್ದಾಗ ಎಂಜಿನ್ ತನ್ನ ಜಾಗಕ್ಕೆ ಏರುತ್ತಲೇ ಇಲ್ಲ. ದುಡ್ಡು ಕೊಟ್ಟು ತಂದ 9.9 ಎಚ್‌ಪಿಯಲ್ಲಿ ಒಂದಿಷ್ಟು ನಮಗೆ ಸಿಗುತ್ತಲೇ ಇಲ್ಲ. ಜೊತೆಗೆ ಹೀಗೆ ತಿಣುಕುತ್ತಾ ಓಡುವ ಎಂಜಿನ್ನಿಗೆ ಬಿಸಿ ಜಾಸ್ತಿ, ಕಾರ್ಬನ್ ಜಾಸ್ತಿ.

ಜಾರುವ ಲೆಕ್ಕವನ್ನೂ ಹಾಕಿ ನೋಡಿದೆ. ಗೇರ್ ಅನುಪಾತ 2.08. ಎಂಜಿನ್ 4700 ತಿರುಗಿದರೆ ಪ್ರೊಪೆಲ್ಲರ್ ಸುಮಾರು 2260 ತಿರುಗುತ್ತದೆ. ಪ್ರತಿ ಸುತ್ತಿಗೆ 9¾ ಇಂಚು ಹೋದರೆ ಗಂಟೆಗೆ 33.6 ಕಿ.ಮೀ. ಆಗಬೇಕು. ಆಗಿದ್ದು 14. ಶೇ 58 ಜಾರಿ ಹೋಗುತ್ತಿದೆ. ಭಾರದ ದೋಣಿಗೆ ಜಾರುವಿಕೆ ಜಾಸ್ತಿಯೇ ಇರುತ್ತದೆ, ಆದರೂ ಇಷ್ಟೊಂದು ಅಂದರೆ ಪಿಚ್ ದೊಡ್ಡದಾಯಿತು ಅಂತಲೇ.

8 ಇಂಚು ತಂದದ್ದು

ಪಿಚ್ ಒಂದು ಇಂಚು ಇಳಿಸಿದರೆ ಪೂರ್ತಿ ಥ್ರಾಟಲ್‌ನ ಆರ್‌ಪಿಎಂ 150ರಿಂದ 200 ಏರುತ್ತದೆ ಅನ್ನೋದು ಎಲ್ಲರೂ ಬಳಸುವ ಲೆಕ್ಕ. ನಮಗೆ ಬೇಕಿದ್ದದ್ದು ಕನಿಷ್ಠ 300. ಅದೇ 9¼ ವ್ಯಾಸದಲ್ಲಿ 8 ಇಂಚಿನ ಪಿಚ್ ತಂದೆ. ಅದೇ ಹೊರೆ, ಅದೇ ನೀರು: 5050 ಆರ್‌ಪಿಎಂ, ಗಂಟೆಗೆ 15 ಕಿ.ಮೀ. ಜಾರುವಿಕೆ ಶೇ 49ಕ್ಕೆ ಇಳಿಯಿತು. ಪಿಚ್ ಕಡಿಮೆ ಮಾಡಿದರೆ ವೇಗ ಇಳಿಯುತ್ತದೆ ಅಂತ ಅಂಗಡಿಯಲ್ಲೂ ಹೇಳುತ್ತಾರೆ. ಖಾಲಿ ದೋಣಿಗೆ ಅದು ನಿಜ, ನಮ್ಮದೂ ಖಾಲಿ ಇದ್ದಾಗ ಸ್ವಲ್ಪ ನಿಧಾನವಾಯಿತು. ತುಂಬಿದ ದೋಣಿಗೆ ಉಲ್ಟಾ. ಅಳಿವೆಯ ಇಳಿತಕ್ಕೆ ಎದುರಾಗಿ ಬರುವಾಗ ಥ್ರಾಟಲ್ ತಿರುವಿದ ಕೂಡಲೇ ದೋಣಿ ಎಳೆದುಕೊಳ್ಳುತ್ತದೆ. ನಮಗೆ ಬೇಕಿದ್ದದ್ದು ಅದೇ.

7 ಇಂಚು ಹಾಕಿದರೂ ತಪ್ಪಾಗುತ್ತಿರಲಿಲ್ಲ. ದಿನಾ ಇನ್ನೂ ಜಾಸ್ತಿ ಹೊರೆ ಒಯ್ಯುವವರಿಗೆ ಅದೇ ಸರಿ. ಆದರೆ ಖಾಲಿ ದೋಣಿಯಲ್ಲಿ ಒಬ್ಬರೇ ಹೋಗುವಾಗ ಆರ್‌ಪಿಎಂ ಮೇಲಿನ ಗಡಿ ದಾಟುತ್ತದೆಯಾ ಅಂತ ನೋಡಿಕೊಳ್ಳಬೇಕು. ನಮ್ಮದು 8ರಲ್ಲಿ ಖಾಲಿ ಇದ್ದಾಗ 5500ಕ್ಕೆ ನಿಲ್ಲುತ್ತದೆ.

ಸ್ಟೀಲ್ ಪ್ರೊಪೆಲ್ಲರ್ ಹಾಕಿ ಅಂತ ಕೆಲವರು ಹೇಳಿದರು. ಸ್ಟೀಲ್ ಬ್ಲೇಡ್ ತೆಳ್ಳಗಿರುತ್ತದೆ, ಬಳುಕೋದಿಲ್ಲ, ಆಳದ ನೀರಲ್ಲಿ ವೇಗವಾಗಿ ಓಡುವ ದೋಣಿಗೆ ಒಳ್ಳೆಯದು. ಕಲ್ಲು, ಮರಳುದಿಬ್ಬ ಇರುವ ಅಳಿವೆಗೆ ನಾನು ಒಪ್ಪೋದಿಲ್ಲ. ಅಲ್ಯೂಮಿನಿಯಂ ತಾನು ಬಾಗಿ ಪೆಟ್ಟು ನುಂಗುತ್ತದೆ. ಸ್ಟೀಲ್ ಬಾಗದಿದ್ದರೆ ಆ ಪೆಟ್ಟು ಶಾಫ್ಟಿಗೂ ಗೇರಿಗೂ ಹೋಗುತ್ತದೆ.

ಇನ್‌ಬೋರ್ಡ್, ಅಂದರೆ ಬೋಟಿನ ಒಳಗೇ ಕೂರುವ ಡೀಸೆಲ್ ಎಂಜಿನ್ ಇರುವ ದೊಡ್ಡ ಬೋಟಿನವರಿಗೆ ಒಂದು ಮಾತು. ನಿಮ್ಮ ಪ್ರೊಪೆಲ್ಲರ್ ಮ್ಯಾಂಗನೀಸ್ ಬ್ರಾಂಜ್ ಆಗಿದ್ದರೆ ಅದರಲ್ಲಿ ಸತು ಬಹಳ ಇರುತ್ತದೆ. ಬೋಟು ದಡಕ್ಕೆ ಎಳೆದಾಗ ಬ್ಲೇಡನ್ನು ಒಂದು ಕಡೆ ಉಜ್ಜಿ ನೋಡಿ. ಹಳದಿ ಹೊಳಪು ಬಂದರೆ ಸರಿ. ಗುಲಾಬಿ ಬಣ್ಣ ಕಂಡರೆ ಸತು ಕರಗಿ ಹೋಗಿ ಟೊಳ್ಳು ತಾಮ್ರ ಉಳಿದಿದೆ. ತಟ್ಟಿದಾಗ ಗಂಟೆಯ ನಾದ ಬಾರದೆ ಮಂಕು ಸದ್ದು ಬರುತ್ತದೆ. ಅಂಥದ್ದನ್ನು ನೇರ ಮಾಡಿಸಲು, ಬೆಸುಗೆ ಹಾಕಿಸಲು ಖರ್ಚು ಮಾಡಬೇಡಿ. ಪ್ರೊಪೆಲ್ಲರ್ ಬದಲು ತಾನು ಸವೆಯುವ ಸತುವಿನ ತುಂಡನ್ನು (ಝಿಂಕ್ ಆನೋಡ್) ಸವೆದಾಗಲೇ ಬದಲಿಸಿದ್ದರೆ ಈ ಸ್ಥಿತಿ ಬರೋದಿಲ್ಲ.

ಹೊಸದನ್ನು ಹಾಕುವಾಗ ಶಾಫ್ಟಿನ ಹಲ್ಲುಗಳಿಗೆ ಮರೈನ್ ಗ್ರೀಸ್ ಧಾರಾಳವಾಗಿ ಹಚ್ಚಿದೆ. ಇಲ್ಲದಿದ್ದರೆ ಉಪ್ಪು ಕಟ್ಟಿ ಮುಂದಿನ ಸಲ ಬಿಚ್ಚೋದೇ ಕಷ್ಟ. ಕಾಟರ್ ಪಿನ್ ಪ್ರತಿ ಸಲವೂ ಹೊಸದು, ಸ್ಟೇನ್‌ಲೆಸ್‌ನದೇ. ರಿಪೇರಿಯಾದ 9¾ ಈಗ ಸ್ಪೇರ್ ಆಗಿ ದೋಣಿಯಲ್ಲೇ ಇದೆ, ಹಗ್ಗ ಕಟ್ಟಿದ ಡಬ್ಬಿಯಲ್ಲಿ. ಜೊತೆಗೆ ಒಂದು ನಟ್, ಎರಡು ಕಾಟರ್ ಪಿನ್, ಇಕ್ಕಳ, ಸರಿಯಾದ ಸ್ಪ್ಯಾನರ್, ಮರದ ತುಂಡು. ಬಲೆ ಎಳೆದು ಬಂದ ಮೇಲೆ ವಾರಕ್ಕೊಮ್ಮೆಯಾದರೂ ಫ್ಯಾನ್ ಕಳಚಿ ಥ್ರಸ್ಟ್ ವಾಷರ್ ಹಿಂದೆ ದಾರ ಇದೆಯಾ ಅಂತ ನೋಡುತ್ತೇವೆ.